ಉಡುಪಿ ಜಿಲ್ಲೆಯಲ್ಲಿ ರಾಜಕೀಯ ಸುದ್ದಿ ಮತ್ತು ಸಾರ್ವಜನಿಕ ಚರ್ಚೆ

ಕರ್ನಾಟಕದ ಕರಾವಳಿಯಲ್ಲಿರುವ ಉಡುಪಿ ಜಿಲ್ಲೆಯು ಪತ್ರಿಕಾ ವಾಚನ, ಮುದ್ರಣೋದ್ಯಮ ಹಾಗೂ ಶಿಕ್ಷಣಕ್ಕೆ ಹೆಸರಾದ ಪ್ರದೇಶವಾಗಿದೆ. 2017ರ ನಂತರ ಈ ಜಿಲ್ಲೆಯಲ್ಲಿ ಹಾಗೂ ನೆರೆಯ ಕರಾವಳಿ ತಾಲ್ಲೂಕುಗಳಲ್ಲಿ ನಡೆದ ಹಲವು ಘಟನೆಗಳು ರಾಜ್ಯ ಮತ್ತು ರಾಷ್ಟ್ರ ಮಟ್ಟದ ಸುದ್ದಿವಾಹಿನಿಗಳಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ವ್ಯಾಪಕವಾಗಿ ಚರ್ಚಿತವಾದವು. ಅವುಗಳೊಂದಿಗೆ, ರಾಜಕೀಯ ಸುದ್ದಿಯನ್ನು ವರದಿ ಮಾಡುವ ಕ್ರಮದ ಬಗೆಗೂ ಸಾರ್ವಜನಿಕ ಅಸಮಾಧಾನ ಬೆಳೆಯಿತು. ಆರೋಪವೊಂದು ಕೆಲವೇ ಗಂಟೆಗಳಲ್ಲಿ ದೇಶದಾದ್ಯಂತ ಹರಡುತ್ತದೆ. ಅದರ ಸತ್ಯಾಸತ್ಯತೆ ತನಿಖೆಯಿಂದ ತಿಳಿಯುವ ಹೊತ್ತಿಗೆ ತಿಂಗಳುಗಳು ಅಥವಾ ವರ್ಷಗಳು ಕಳೆದಿರುತ್ತವೆ ಎಂಬುದು ಈ ಅಸಮಾಧಾನದ ಮುಖ್ಯ ಕಾರಣವಾಗಿದೆ. ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಈ ಅಂತರವು ಸ್ಪಷ್ಟವಾಗಿ ಕಂಡುಬರುತ್ತದೆ.

ಹಿನ್ನೆಲೆ

ಉಡುಪಿ ಜಿಲ್ಲೆಯು 1997ರ ಆಗಸ್ಟ್‌ನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಉಡುಪಿ, ಕಾರ್ಕಳ, ಕುಂದಾಪುರ, ಕಾಪು, ಬ್ರಹ್ಮಾವರ, ಬೈಂದೂರು ಮತ್ತು ಹೆಬ್ರಿ ಇದರ ತಾಲ್ಲೂಕುಗಳು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 11,77,361 ಹಾಗೂ ಸಾಕ್ಷರತೆಯ ಪ್ರಮಾಣ ಶೇ. 86.24. ತುಳು, ಕನ್ನಡ, ಕೊಂಕಣಿ, ಬ್ಯಾರಿ, ಉರ್ದು ಮೊದಲಾದ ಭಾಷೆಗಳನ್ನಾಡುವ ಜನರು ಇಲ್ಲಿದ್ದು, ಪತ್ರಿಕೆಗಳ ಮುಖ್ಯ ಭಾಷೆ ಕನ್ನಡವಾಗಿದೆ. ಉದ್ಯೋಗಕ್ಕಾಗಿ ಮುಂಬಯಿ ಮತ್ತು ಕೊಲ್ಲಿ ರಾಷ್ಟ್ರಗಳಿಗೆ ತೆರಳಿದ ಕುಟುಂಬಗಳು ಬಹುಸಂಖ್ಯೆಯಲ್ಲಿರುವುದರಿಂದ ಊರಿನ ಸುದ್ದಿಗೆ ಊರಿನ ಹೊರಗೂ ದೊಡ್ಡ ಓದುಗ ವರ್ಗವಿದೆ.

ಇತಿಹಾಸ

ಪತ್ರಿಕೆಗಳು

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರ ಜುಲೈ 1ರಂದು ಮಂಗಳೂರಿನಲ್ಲಿ ಪ್ರಕಟವಾಯಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕರಾಗಿದ್ದರು. ಈ ನೆನಪಿಗಾಗಿ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸಲಾಗುತ್ತದೆ.

ಮಣಿಪಾಲದಿಂದ ‘ಉದಯವಾಣಿ’ ದಿನಪತ್ರಿಕೆಯು 1970ರ ಜನವರಿ 1ರಂದು ಆರಂಭವಾಯಿತು. ಟಿ. ಮೋಹನದಾಸ್ ಪೈ ಮತ್ತು ಟಿ. ಸತೀಶ್ ಯು. ಪೈ ಇದರ ಸ್ಥಾಪಕರು. ಹಳ್ಳಿಗಳ ಸುದ್ದಿಗೆ ವಿಸ್ತಾರವಾದ ಸ್ಥಳ ನೀಡಿದ್ದು ಈ ಪತ್ರಿಕೆಯ ವೈಶಿಷ್ಟ್ಯ. ಸೌಕರ್ಯಗಳಿಲ್ಲದ ಗ್ರಾಮಗಳನ್ನು ಪತ್ತೆ ಹಚ್ಚಿ ವರದಿ ಮಾಡಿದ ‘ಕುಗ್ರಾಮ ಗುರುತಿಸಿ’ ಅಭಿಯಾನವು ಗ್ರಾಮೀಣ ಪತ್ರಿಕೋದ್ಯಮದ ಉದಾಹರಣೆಯಾಗಿ ಉಲ್ಲೇಖಿಸಲ್ಪಡುತ್ತದೆ. ಇದೇ ಸಂಸ್ಥೆಯ ‘ತರಂಗ’ ವಾರಪತ್ರಿಕೆ 1983ರಲ್ಲಿ ಪ್ರಾರಂಭವಾಯಿತು.

ಬ್ರಹ್ಮಾವರ ಸಮೀಪದ ವಡ್ಡರ್ಸೆಯವರಾದ ವಡ್ಡರ್ಸೆ ರಘುರಾಮ ಶೆಟ್ಟಿಯವರು 1984ರಲ್ಲಿ ಮಂಗಳೂರಿನಿಂದ ‘ಮುಂಗಾರು’ ದಿನಪತ್ರಿಕೆಯನ್ನು ಹೊರತಂದರು. ಪತ್ರಿಕೆಗೆ ಬೇಕಾದ ಬಂಡವಾಳವನ್ನು ಜನರಿಂದಲೇ ಷೇರುಗಳ ರೂಪದಲ್ಲಿ ಸಂಗ್ರಹಿಸಿ, ಓದುಗರ ಒಡೆತನದ ಪತ್ರಿಕೆಯನ್ನು ಕಟ್ಟುವುದು ಅವರ ಉದ್ದೇಶವಾಗಿತ್ತು. ಸುದ್ದಿಯ ಮೇಲೆ ಯಾರ ಹಿಡಿತವಿರಬೇಕು ಎಂಬ ಪ್ರಶ್ನೆಯನ್ನು ಕರಾವಳಿಯಲ್ಲಿ ನೇರವಾಗಿ ಎತ್ತಿದ ಪ್ರಯೋಗ ಇದಾಗಿತ್ತು. ಆರ್ಥಿಕ ಮುಗ್ಗಟ್ಟಿನಿಂದ ಅದು ದೀರ್ಘಕಾಲ ಉಳಿಯಲಿಲ್ಲವಾದರೂ, ಕಾಪು ತಾಲ್ಲೂಕಿನ ಮಟ್ಟು ಗ್ರಾಮದ ದಿನೇಶ್ ಅಮೀನ್ ಮಟ್ಟು ಸೇರಿದಂತೆ ಹಲವು ಪತ್ರಕರ್ತರು ಅಲ್ಲಿಂದ ವೃತ್ತಿಜೀವನ ಆರಂಭಿಸಿದರು. ಅಂತರ್ಜಾಲ ಬಂದ ಬಳಿಕ, ಕಾರ್ಕಳ ತಾಲ್ಲೂಕಿನ ನಂದಳಿಕೆ ಮೂಲದ ವಾಲ್ಟರ್ ನಂದಳಿಕೆಯವರು ಮಂಗಳೂರಿನಿಂದ ‘ದಾಯ್ಜಿವರ್ಲ್ಡ್’ ಸುದ್ದಿತಾಣವನ್ನು ಆರಂಭಿಸಿ ಪರದೇಶಗಳಲ್ಲಿರುವ ಕರಾವಳಿಗರಿಗೆ ಊರಿನ ಸುದ್ದಿ ದೊರಕುವಂತೆ ಮಾಡಿದರು.

ವಾದ-ಸಂವಾದದ ಪರಂಪರೆ

ಯಕ್ಷಗಾನದ ಒಂದು ಪ್ರಕಾರವಾದ ತಾಳಮದ್ದಳೆಯು ಈ ಪ್ರದೇಶದ ಜನಪ್ರಿಯ ವಾಕ್‌ಕಲೆಯಾಗಿದೆ. ಇದರಲ್ಲಿ ವೇಷ, ಕುಣಿತಗಳಿರುವುದಿಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಅರ್ಥ ಹೇಳುತ್ತ, ಎದುರು ಪಾತ್ರದೊಂದಿಗೆ ಗಂಟೆಗಟ್ಟಲೆ ವಾದಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್, ಮಲ್ಪೆ ರಾಮದಾಸ ಸಾಮಗ ಮೊದಲಾದವರು ಈ ಕಲೆಯಲ್ಲಿ ಖ್ಯಾತರು. ಎದುರು ಅರ್ಥಧಾರಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು ಅದಕ್ಕೇ ಉತ್ತರ ಕೊಡಬೇಕಾದುದು ಇಲ್ಲಿನ ಕ್ರಮ. ಪ್ರತಿನಾಯಕನ ಪಕ್ಷವನ್ನೂ ಸಮರ್ಥವಾಗಿ ಮಂಡಿಸಬಲ್ಲವನು ಮೆಚ್ಚುಗೆಗೆ ಪಾತ್ರನಾಗುತ್ತಾನೆ. ಎಲ್ಲರೂ ಏಕಕಾಲಕ್ಕೆ ಮಾತನಾಡುವ ದೂರದರ್ಶನದ ಚರ್ಚೆಗಳಿಗೂ ಈ ಕ್ರಮಕ್ಕೂ ಇರುವ ವ್ಯತ್ಯಾಸ ಗಮನಾರ್ಹವಾಗಿದೆ.

ಸುದ್ದಿವಾಹಿನಿಗಳು ಮತ್ತು ಮೊಬೈಲ್

2006ರ ನಂತರದ ವರ್ಷಗಳಲ್ಲಿ ಕನ್ನಡದಲ್ಲಿ ದಿನದ 24 ಗಂಟೆಯೂ ಪ್ರಸಾರವಾಗುವ ಸುದ್ದಿವಾಹಿನಿಗಳ ಸಂಖ್ಯೆ ಹೆಚ್ಚಿತು. ಇವುಗಳ ಪ್ರಧಾನ ಕಚೇರಿ ಮತ್ತು ಸ್ಟುಡಿಯೊಗಳು ಬೆಂಗಳೂರಿನಲ್ಲಿವೆ. ಜಿಲ್ಲೆಯ ವರದಿಗಾರನು ಕಳುಹಿಸಿದ ದೃಶ್ಯವನ್ನು ಆಧರಿಸಿ ಸ್ಟುಡಿಯೊದಲ್ಲಿ ನಿರೂಪಕರೂ ಪಕ್ಷಗಳ ವಕ್ತಾರರೂ ಚರ್ಚಿಸುತ್ತಾರೆ. ಸ್ಥಳದಲ್ಲಿ ವಿಚಾರಿಸಿ ಬರೆಯುವ ವರದಿಗೆ ಸಮಯ ಮತ್ತು ಖರ್ಚು ಹೆಚ್ಚು; ಚರ್ಚಾ ಕಾರ್ಯಕ್ರಮಕ್ಕೆ ಅವೆರಡೂ ಕಡಿಮೆ. 2016ರ ನಂತರ ಮೊಬೈಲ್ ಅಂತರ್ಜಾಲ ಅಗ್ಗವಾದಾಗ ವಾಟ್ಸ್‌ಆ್ಯಪ್ ಗುಂಪುಗಳು ಹಾಗೂ ಯೂಟ್ಯೂಬ್ ವಾಹಿನಿಗಳು ಸುದ್ದಿಯ ಮೂಲಗಳಾದವು. ಪತ್ರಿಕೆಯಲ್ಲಿ ಸಂಪಾದಕನ ಮೇಜನ್ನು ದಾಟಿ ಬರಬೇಕಿದ್ದ ಮಾತು ಇಲ್ಲಿ ಯಾವ ಪರಿಶೀಲನೆಯೂ ಇಲ್ಲದೆ ಹರಡಬಲ್ಲದು.

ಪ್ರಮುಖ ಪ್ರಕರಣಗಳು

ಹೊನ್ನಾವರ ಘಟನೆ ಮತ್ತು ಮಣಿಪಾಲದ ವೈದ್ಯಕೀಯ ಅಭಿಪ್ರಾಯ (2017)

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ 2017ರ ಡಿಸೆಂಬರ್ 6ರಂದು ಗಲಭೆಯ ಸಂದರ್ಭದಲ್ಲಿ ಕಾಣೆಯಾಗಿದ್ದ ಯುವಕನೊಬ್ಬನ ದೇಹವು ಡಿಸೆಂಬರ್ 8ರಂದು ಕೆರೆಯಲ್ಲಿ ಪತ್ತೆಯಾಯಿತು. ಆತನನ್ನು ಚಿತ್ರಹಿಂಸೆ ನೀಡಿ ಕೊಲ್ಲಲಾಗಿದೆ ಎಂಬ ವಿವರಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಡಿದವು. ಕೆಲವು ರಾಜಕೀಯ ನಾಯಕರೂ ಅವನ್ನು ಪುನರುಚ್ಚರಿಸಿದರು. ಕುಮಟಾ, ಶಿರಸಿ ಮೊದಲಾದೆಡೆ ಹಿಂಸಾಚಾರ ನಡೆಯಿತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿಧಿವಿಜ್ಞಾನ ತಜ್ಞರು ನೀಡಿದ ಪ್ರಾಥಮಿಕ ಅಭಿಪ್ರಾಯವನ್ನು ಪೊಲೀಸರು ಅದೇ ತಿಂಗಳು ಬಹಿರಂಗಪಡಿಸಿದರು. ಹರಡಿದ್ದ ಚಿತ್ರಹಿಂಸೆಯ ವಿವರಗಳನ್ನು ಅದು ಸಮರ್ಥಿಸಲಿಲ್ಲ. ಆದರೂ ಪ್ರಚಾರ ನಿಲ್ಲಲಿಲ್ಲ. ಪ್ರಕರಣವನ್ನು ಕೇಂದ್ರೀಯ ತನಿಖಾ ದಳಕ್ಕೆ (ಸಿಬಿಐ) ವಹಿಸಲಾಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಹೊನ್ನಾವರ ನ್ಯಾಯಾಲಯಕ್ಕೆ ಮುಕ್ತಾಯ ವರದಿ ಸಲ್ಲಿಸಿ, ಸಾವು ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿದ್ದರಿಂದ ಸಂಭವಿಸಿತೆಂದು ತಿಳಿಸಿತು. ಈ ನಡುವೆ ರಾಜ್ಯದಲ್ಲಿ 2018ರ ವಿಧಾನಸಭಾ ಚುನಾವಣೆ ಹಾಗೂ ದೇಶದಲ್ಲಿ 2019ರ ಲೋಕಸಭಾ ಚುನಾವಣೆ ಮುಗಿದಿದ್ದವು.

ಹಿಜಾಬ್ ವಿವಾದ (2021–22)

2021ರ ಡಿಸೆಂಬರ್ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ್ದ ಕೆಲವು ವಿದ್ಯಾರ್ಥಿನಿಯರಿಗೆ ತರಗತಿ ಪ್ರವೇಶ ನಿರಾಕರಿಸಲಾಯಿತು. ಕಾಲೇಜು, ಅದರ ಅಭಿವೃದ್ಧಿ ಸಮಿತಿ ಮತ್ತು ಪೋಷಕರ ನಡುವಿನ ಈ ವಿಷಯ 2022ರ ಫೆಬ್ರವರಿಯ ಮೊದಲ ವಾರದಲ್ಲಿ ರಾಷ್ಟ್ರೀಯ ಸುದ್ದಿಯಾಯಿತು. ಕುಂದಾಪುರದ ಕಾಲೇಜೊಂದರ ಗೇಟಿನ ಹೊರಗೆ ವಿದ್ಯಾರ್ಥಿನಿಯರು ನಿಂತಿರುವ ದೃಶ್ಯಗಳು ಎಲ್ಲೆಡೆ ಪ್ರಸಾರವಾದವು. ಫೆಬ್ರವರಿ 5ರಂದು ರಾಜ್ಯ ಸರ್ಕಾರ ಸಮವಸ್ತ್ರದ ಕುರಿತು ಆದೇಶ ಹೊರಡಿಸಿತು. ಫೆಬ್ರವರಿ 8ರಂದು ಉಡುಪಿ ಮತ್ತು ಮಣಿಪಾಲದ ನಡುವಿನ ಕುಂಜಿಬೆಟ್ಟುವಿನಲ್ಲಿರುವ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ಹಾಗೂ ಕೇಸರಿ ಶಾಲು ಧರಿಸಿದ ವಿದ್ಯಾರ್ಥಿಗಳ ಗುಂಪುಗಳು ಮುಖಾಮುಖಿಯಾದವು. ಅಂದು ರಾಜ್ಯದ ಪ್ರೌಢಶಾಲೆ ಮತ್ತು ಕಾಲೇಜುಗಳಿಗೆ ಮೂರು ದಿನಗಳ ರಜೆ ಘೋಷಿಸಲಾಯಿತು.

ಅದೇ ದಿನ ಶಿವಮೊಗ್ಗದ ಸರ್ಕಾರಿ ಕಾಲೇಜೊಂದರಲ್ಲಿ ವಿದ್ಯಾರ್ಥಿಯೊಬ್ಬ ಧ್ವಜಸ್ತಂಭವೇರಿ ಕೇಸರಿ ಧ್ವಜ ಕಟ್ಟಿದ ವಿಡಿಯೊ ಹರಡಿತು. ರಾಷ್ಟ್ರಧ್ವಜವನ್ನು ಇಳಿಸಿ ಕೇಸರಿ ಧ್ವಜ ಹಾರಿಸಲಾಗಿದೆ ಎಂದು ಆಗಿನ ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಡಿ. ಕೆ. ಶಿವಕುಮಾರ್ ಸೇರಿದಂತೆ ಹಲವರು ಹೇಳಿದರು. ಸ್ತಂಭದಲ್ಲಿ ಆಗ ರಾಷ್ಟ್ರಧ್ವಜ ಇರಲಿಲ್ಲವೆಂದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಸ್ಪಷ್ಟಪಡಿಸಿದರು. ಇನ್ನೊಂದೆಡೆ, ಅರ್ಜಿದಾರ ವಿದ್ಯಾರ್ಥಿನಿಯರ ವಿಳಾಸ ಮೊದಲಾದ ವೈಯಕ್ತಿಕ ವಿವರಗಳು ಬಿಜೆಪಿ ರಾಜ್ಯ ಘಟಕದ ಟ್ವಿಟರ್ ಖಾತೆಯಲ್ಲಿ ಪ್ರಕಟವಾಗಿ, ಟೀಕೆಯ ನಂತರ ತೆಗೆಯಲ್ಪಟ್ಟವು.

ರಜೆಯ ನಂತರ ಫೆಬ್ರವರಿ 14ರಂದು ಪ್ರೌಢಶಾಲೆಗಳು ತೆರೆದಾಗ, ಶಾಲೆಗಳ ಗೇಟಿನಲ್ಲಿ ವಿದ್ಯಾರ್ಥಿನಿಯರು ಮತ್ತು ಶಿಕ್ಷಕಿಯರು ಹಿಜಾಬ್ ಅಥವಾ ಬುರ್ಖಾ ತೆಗೆಯುತ್ತಿರುವುದನ್ನು ವಾಹಿನಿಗಳ ಕ್ಯಾಮೆರಾಗಳು ಚಿತ್ರೀಕರಿಸಿದವು. ಅಪ್ರಾಪ್ತ ವಯಸ್ಸಿನ ವಿದ್ಯಾರ್ಥಿನಿಯರ ಹಿಂದೆ ಕ್ಯಾಮೆರಾ ಹಿಡಿದು ಓಡುವುದು ಸುದ್ದಿಯೇ ಅಥವಾ ಕಿರುಕುಳವೇ ಎಂಬ ಪ್ರಶ್ನೆ ಎದ್ದುದು ಇಲ್ಲಿ. ಪ್ರಕರಣದ ವಿಚಾರಣೆ ನಡೆಸುತ್ತಿದ್ದ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವು ಮಾಧ್ಯಮಗಳು ಹೆಚ್ಚು ಜವಾಬ್ದಾರಿಯಿಂದ ವರ್ತಿಸಬೇಕೆಂದು ಮನವಿ ಮಾಡಿತು. ಹೈಕೋರ್ಟಿನ ಕಲಾಪ ಯೂಟ್ಯೂಬ್‌ನಲ್ಲಿ ನೇರ ಪ್ರಸಾರವಾಗುತ್ತಿದ್ದುದರಿಂದ, ಎರಡೂ ಪಕ್ಷಗಳ ವಾದವನ್ನು ಸಂಪೂರ್ಣವಾಗಿ ಆಲಿಸುವ ಅವಕಾಶವೂ ಜನರಿಗಿತ್ತು.

2022ರ ಮಾರ್ಚ್ 15ರಂದು ಹೈಕೋರ್ಟ್ ಅರ್ಜಿಗಳನ್ನು ವಜಾಗೊಳಿಸಿ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಮೇಲ್ಮನವಿಯಲ್ಲಿ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಹೇಮಂತ್ ಗುಪ್ತಾ ಮತ್ತು ಸುಧಾಂಶು ಧೂಲಿಯಾ ಭಿನ್ನ ತೀರ್ಪುಗಳನ್ನು ನೀಡಿದರು. ಅದೇ ತಿಂಗಳು, ಈ ವಿವಾದದ ಕುರಿತು ಏಪ್ರಿಲ್‌ನಲ್ಲಿ ಪ್ರಸಾರವಾದ ಚರ್ಚಾ ಕಾರ್ಯಕ್ರಮವೊಂದಕ್ಕಾಗಿ ನ್ಯೂಸ್18 ಇಂಡಿಯಾ ವಾಹಿನಿಗೆ ಸುದ್ದಿ ಪ್ರಸಾರ ಮತ್ತು ಡಿಜಿಟಲ್ ಮಾನದಂಡ ಪ್ರಾಧಿಕಾರವು 50,000 ರೂಪಾಯಿ ದಂಡ ವಿಧಿಸಿತು. ಚರ್ಚೆಗೆ ಕೋಮು ಸ್ವರೂಪ ನೀಡಲಾಗಿದೆ ಎಂಬುದು ಅದರ ಆಕ್ಷೇಪವಾಗಿತ್ತು. ಪ್ರಸಾರಕ್ಕೂ ದಂಡಕ್ಕೂ ನಡುವೆ ಆರು ತಿಂಗಳು ಕಳೆದಿದ್ದವು.

ಅರೆವೈದ್ಯಕೀಯ ಕಾಲೇಜಿನ ವಿಡಿಯೊ ಪ್ರಕರಣ (2023)

2023ರ ಜುಲೈನಲ್ಲಿ ಉಡುಪಿಯ ಖಾಸಗಿ ಅರೆವೈದ್ಯಕೀಯ ಕಾಲೇಜೊಂದರ ಶೌಚಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳ ವಿಡಿಯೊವನ್ನು ಸಹಪಾಠಿಗಳು ಚಿತ್ರೀಕರಿಸಿದರೆಂಬ ದೂರು ಕೇಳಿಬಂತು. ಶೌಚಾಲಯದಲ್ಲಿ ಗುಪ್ತ ಕ್ಯಾಮೆರಾ ಇಡಲಾಗಿತ್ತು, ಅನೇಕ ವಿಡಿಯೊಗಳನ್ನು ಹೊರಗೆ ಕಳುಹಿಸಲಾಗಿದೆ ಎಂಬ ಮಾತುಗಳು ಜಾಲತಾಣಗಳಲ್ಲಿ ಹಬ್ಬಿ, ವಿಷಯವು ರಾಷ್ಟ್ರಮಟ್ಟದ ರಾಜಕೀಯ ಚರ್ಚೆಯಾಯಿತು. ಅದಕ್ಕೆ ಆಧಾರ ದೊರೆತಿಲ್ಲವೆಂದು ಪೊಲೀಸರು ತಿಳಿಸಿದರು. ಉಡುಪಿಗೆ ಭೇಟಿ ನೀಡಿದ ರಾಷ್ಟ್ರೀಯ ಮಹಿಳಾ ಆಯೋಗದ ಸದಸ್ಯೆ ಖುಷ್ಬು ಸುಂದರ್ ಅವರು, ಗುಪ್ತ ಕ್ಯಾಮೆರಾದ ಮಾತು ವದಂತಿಯೆಂದೂ ಘಟನೆಗೆ ಕೋಮು ಬಣ್ಣ ಬಳಿಯಬಾರದೆಂದೂ ಹೇಳಿದರು. ಮಲ್ಪೆ ಠಾಣೆಯಲ್ಲಿ ಪ್ರಕರಣ ದಾಖಲಾಗಿ, ಆಗಸ್ಟ್‌ನಲ್ಲಿ ತನಿಖೆಯನ್ನು ಸಿಐಡಿಗೆ ಒಪ್ಪಿಸಲಾಯಿತು. ವಿದ್ಯಾರ್ಥಿನಿಯೊಬ್ಬಳ ಖಾಸಗಿತನಕ್ಕೆ ಧಕ್ಕೆಯಾಗಿದೆಯೇ ಎಂಬ ಮೂಲ ಪ್ರಶ್ನೆಯು ಈ ಗದ್ದಲದಲ್ಲಿ ಹಿಂದೆ ಸರಿಯಿತು.

ಕಾರ್ಕಳದ ಪರಶುರಾಮ ವಿಗ್ರಹ (2023–25)

ಕಾರ್ಕಳ ತಾಲ್ಲೂಕಿನ ಬೈಲೂರು ಬಳಿಯ ಉಮಿಕ್ಕಳ ಬೆಟ್ಟದ ಮೇಲೆ ನಿರ್ಮಿಸಿದ ಪರಶುರಾಮ ಥೀಮ್ ಪಾರ್ಕನ್ನು 2023ರ ಜನವರಿ 27ರಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಉದ್ಘಾಟಿಸಿದರು. ಕ್ಷೇತ್ರದ ಶಾಸಕ ಹಾಗೂ ಅಂದಿನ ಸಚಿವ ವಿ. ಸುನಿಲ್ ಕುಮಾರ್ ಅವರ ಮಹತ್ವಾಕಾಂಕ್ಷೆಯ ಯೋಜನೆ ಅದಾಗಿತ್ತು. 33 ಅಡಿ ಎತ್ತರದ ವಿಗ್ರಹವು ಕಂಚಿನದೆಂದು ಹೇಳಲಾಗಿತ್ತು. ಚುನಾವಣೆಯ ನಂತರ ಅದು ಕಂಚಿನದಲ್ಲ, ಫೈಬರಿನದು ಎಂಬ ಆರೋಪ ಕಾಂಗ್ರೆಸ್ ಕಡೆಯಿಂದ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಗ್ರಹದ ಮೇಲ್ಭಾಗವನ್ನು ತೆಗೆಯಲಾಯಿತು. ‘ಕಂಚು’, ‘ಫೈಬರ್’ ಎಂಬ ಎರಡು ವಾದಗಳು ಎರಡು ವರ್ಷ ಮುಂದುವರಿದವು. 2025ರಲ್ಲಿ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸಿದ ದೋಷಾರೋಪ ಪಟ್ಟಿಯು ವಿಗ್ರಹವನ್ನು ಹಿತ್ತಾಳೆಯದೆಂದು ಗುರುತಿಸಿತು. ಫೈಬರ್ ಎಂಬ ಆರೋಪ ಸುಳ್ಳಾಯಿತೆಂದು ಒಂದು ಪಕ್ಷವೂ, ಕಂಚು ಎಂಬ ಭರವಸೆ ಸುಳ್ಳಾಯಿತೆಂದು ಇನ್ನೊಂದು ಪಕ್ಷವೂ ಇದನ್ನು ತಮ್ಮ ಗೆಲುವೆಂದೇ ಹೇಳಿಕೊಂಡವು. ಲೋಹದ ಮಾದರಿಯ ಪರೀಕ್ಷೆಯಿಂದ ನಿರ್ಧಾರವಾಗಬಹುದಾಗಿದ್ದ ವಿಷಯವೊಂದು ಹೇಳಿಕೆ-ಪ್ರತಿಹೇಳಿಕೆಗಳಲ್ಲೇ ದೀರ್ಘಕಾಲ ಉಳಿದುದಕ್ಕೆ ಇದು ಉದಾಹರಣೆಯಾಗಿದೆ.

ನಿಧಾನಗತಿಯ ಸುದ್ದಿ: ಯಲ್ಲೂರು ವಿದ್ಯುತ್ ಸ್ಥಾವರ

ಗದ್ದಲದ ಸುದ್ದಿಗೆ ಸಿಗುವ ಪ್ರಚಾರವು ದೀರ್ಘಕಾಲದ ಸಮಸ್ಯೆಗಳಿಗೆ ಸಿಗುವುದು ವಿರಳ. ಕಾಪು ತಾಲ್ಲೂಕಿನ ಪಡುಬಿದ್ರಿ–ನಂದಿಕೂರು ಪ್ರದೇಶದಲ್ಲಿ ಕಲ್ಲಿದ್ದಲು ಆಧಾರಿತ ವಿದ್ಯುತ್ ಸ್ಥಾವರ ಸ್ಥಾಪಿಸಲು ಅಮೆರಿಕದ ಕೋಜೆಂಟ್ರಿಕ್ಸ್ ಕಂಪನಿಯು 1990ರ ದಶಕದಲ್ಲಿ ಮುಂದಾಗಿತ್ತು. ಸ್ಥಳೀಯರ ಹೋರಾಟ ಹಾಗೂ ನ್ಯಾಯಾಲಯದ ವ್ಯಾಜ್ಯಗಳ ನಡುವೆ 1999ರ ಡಿಸೆಂಬರ್‌ನಲ್ಲಿ ಅದು ಹಿಂದೆ ಸರಿಯಿತು. ಮುಂದೆ ಬೇರೊಂದು ಕಂಪನಿಯ ಮೂಲಕ ಯಲ್ಲೂರಿನಲ್ಲಿ ತಲಾ 600 ಮೆಗಾವಾಟ್ ಸಾಮರ್ಥ್ಯದ ಎರಡು ಘಟಕಗಳ ಸ್ಥಾವರ ನಿರ್ಮಾಣವಾಯಿತು. 2015ರಲ್ಲಿ ಅದು ಅದಾನಿ ಸಮೂಹದ ಪಾಲಾಯಿತು. ಹಾರುಬೂದಿ, ಬಾವಿಗಳ ನೀರು ಉಪ್ಪಾಗುವಿಕೆ ಮತ್ತು ಬೆಳೆಹಾನಿಯ ದೂರುಗಳೊಂದಿಗೆ ನಂದಿಕೂರು ಜನಜಾಗೃತಿ ಸಮಿತಿಯು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೋಯಿತು. ನ್ಯಾಯಮಂಡಳಿಯು 2022ರ ಮೇ ತಿಂಗಳಲ್ಲಿ ಕಂಪನಿಯು ಸುಮಾರು 52 ಕೋಟಿ ರೂಪಾಯಿ ಪರಿಹಾರ ನೀಡಬೇಕೆಂದು ಆದೇಶಿಸಿತು. ಜಿಲ್ಲೆಯ ಹೆಸರು ಹಿಜಾಬ್ ವಿವಾದದಿಂದಾಗಿ ದೇಶದಾದ್ಯಂತ ಕೇಳಿಬರುತ್ತಿದ್ದ ವರ್ಷವೇ ಈ ಆದೇಶವೂ ಹೊರಬಿದ್ದಿತ್ತು.

ಸಾಮಾನ್ಯ ಲಕ್ಷಣಗಳು

ಮೇಲಿನ ಪ್ರಕರಣಗಳಲ್ಲಿ ಕೆಲವು ಸಮಾನ ಅಂಶಗಳನ್ನು ಗುರುತಿಸಬಹುದು.

ವೇಗದ ಅಂತರ: ಆರೋಪವು ಅದೇ ದಿನ ಹರಡುತ್ತದೆ, ತನಿಖೆಯ ಫಲಿತಾಂಶ ಬರುವಾಗ ಜನರ ಗಮನ ಬೇರೆಡೆಗೆ ಹೊರಳಿರುತ್ತದೆ.

ಸ್ಥಳದ ಅಂತರ: ಘಟನೆ ನಡೆದ ಊರೊಂದು, ಚರ್ಚೆ ನಡೆಯುವ ಊರು ಇನ್ನೊಂದು. ಚರ್ಚಿಸುವವರು ಊರಿನ ಪರಿಚಯವಿಲ್ಲದ ವಕ್ತಾರರಾಗಿರುತ್ತಾರೆ. ಪರಿಣಾಮವನ್ನು ಎದುರಿಸುವವರು ಊರಿನವರು.

ಹೇಳಿಕೆಯ ಪ್ರಾಧಾನ್ಯ: ಎರಡು ಪಕ್ಷಗಳ ಹೇಳಿಕೆಗಳನ್ನು ಅಕ್ಕಪಕ್ಕ ಪ್ರಕಟಿಸುವುದನ್ನೇ ಸಮತೋಲನವೆಂದು ಭಾವಿಸಲಾಗುತ್ತದೆ. ಕಾರ್ಕಳದ ಪ್ರಕರಣದಲ್ಲಿ ಕಂಡಂತೆ, ಎರಡೂ ಹೇಳಿಕೆಗಳು ತಪ್ಪಾಗಿರುವ ಸಾಧ್ಯತೆಯೂ ಇರುತ್ತದೆ.

ಸಾಮಾನ್ಯರ ಮೇಲಿನ ಹೊರೆ: ರಾಜಕಾರಣಿಗಳು ಮತ್ತು ವಾಹಿನಿಗಳು ಮುಂದಿನ ವಿಷಯಕ್ಕೆ ಹೋಗಬಹುದು. ವಿದ್ಯಾರ್ಥಿನಿಯರು, ಮೃತರ ಕುಟುಂಬದವರು, ನೆರೆಹೊರೆಯವರು ಘಟನೆಯ ನಂತರವೂ ಅದೇ ಊರಿನಲ್ಲಿ, ಅದೇ ಜನರ ನಡುವೆ ಬಾಳಬೇಕಾಗುತ್ತದೆ.

ದೂರು ಸಲ್ಲಿಸುವ ವ್ಯವಸ್ಥೆ

ಪತ್ರಿಕೆಗಳು: 1978ರ ಕಾಯ್ದೆಯಡಿ ಕಾರ್ಯನಿರ್ವಹಿಸುವ ಭಾರತೀಯ ಪತ್ರಿಕಾ ಮಂಡಳಿಗೆ ಓದುಗರು ದೂರು ನೀಡಬಹುದು. ಮೊದಲು ಸಂಪಾದಕರಿಗೆ ಬರೆದು ಸ್ಪಷ್ಟನೆ ಕೋರಬೇಕು. ದಿನಪತ್ರಿಕೆ ಮತ್ತು ವಾರಪತ್ರಿಕೆಗಳ ವಿಷಯದಲ್ಲಿ ಪ್ರಕಟಣೆಯ ಎರಡು ತಿಂಗಳೊಳಗೆ ಮಂಡಳಿಗೆ ದೂರು ಸಲ್ಲಿಸಬೇಕು. ಮಂಡಳಿಯು ಎಚ್ಚರಿಕೆ ನೀಡಬಹುದು ಅಥವಾ ಖಂಡಿಸಬಹುದು. ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ.

ಸುದ್ದಿವಾಹಿನಿಗಳು: ಪ್ರಸಾರವಾದ ಏಳು ದಿನಗಳೊಳಗೆ ವಾಹಿನಿಗೆ ದೂರು ನೀಡಬೇಕು. ಉತ್ತರ ತೃಪ್ತಿಕರವಾಗಿರದಿದ್ದರೆ ಸುದ್ದಿ ಪ್ರಸಾರ ಮತ್ತು ಡಿಜಿಟಲ್ ಮಾನದಂಡ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಇದು ವಾಹಿನಿಗಳೇ ರಚಿಸಿಕೊಂಡ ಸ್ವಯಂ ನಿಯಂತ್ರಣ ವ್ಯವಸ್ಥೆಯಾಗಿದ್ದು, ಸದಸ್ಯ ವಾಹಿನಿಗಳಿಗೆ ಮಾತ್ರ ಅನ್ವಯಿಸುತ್ತದೆ. 2023ರಲ್ಲಿ ಇದರ ಗರಿಷ್ಠ ದಂಡ ಒಂದು ಲಕ್ಷ ರೂಪಾಯಿಯಾಗಿತ್ತು. ಈ ಮೊತ್ತವು ಪರಿಣಾಮಕಾರಿಯಲ್ಲವೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಅಭಿಪ್ರಾಯಪಟ್ಟಿತು.

ಡಿಜಿಟಲ್ ಸುದ್ದಿತಾಣಗಳು: 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಮೂರು ಹಂತದ ದೂರು ವ್ಯವಸ್ಥೆಯನ್ನು ಸೂಚಿಸಿವೆ. ಮೊದಲ ಹಂತದಲ್ಲಿ ತಾಣದ ಕುಂದುಕೊರತೆ ಅಧಿಕಾರಿಯು 15 ದಿನಗಳೊಳಗೆ ತೀರ್ಮಾನಿಸಬೇಕು.

ವೈಯಕ್ತಿಕ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಸುದ್ದಿಗೆ ಇಂತಹ ಸಂಪಾದಕರಾಗಲಿ ಮಂಡಳಿಯಾಗಲಿ ಇಲ್ಲ. ದ್ವೇಷ ಅಥವಾ ಭೀತಿ ಹರಡುವ ಸಂದೇಶಗಳಿಗೆ ಪೊಲೀಸ್ ದೂರೇ ಮುಖ್ಯ ಮಾರ್ಗವಾಗಿದೆ. ದಕ್ಷಿಣ ಕನ್ನಡ, ಉಡುಪಿ ಮತ್ತು ಶಿವಮೊಗ್ಗ ಜಿಲ್ಲೆಗಳಿಗಾಗಿ ರಾಜ್ಯ ಸರ್ಕಾರವು 2025ರ ಜೂನ್‌ನಲ್ಲಿ ವಿಶೇಷ ಕಾರ್ಯಪಡೆಯನ್ನು ಆರಂಭಿಸಿತು. ಕೋಮು ಪ್ರಚೋದನೆಯನ್ನು ತಡೆಯುವುದು ಅದರ ಉದ್ದೇಶ. ಸರ್ಕಾರವೇ ಸುದ್ದಿಯ ಸತ್ಯಾಸತ್ಯತೆ ನಿರ್ಧರಿಸುವುದರ ಬಗ್ಗೆ ಬೇರೆ ಆತಂಕಗಳಿವೆ. ಕೇಂದ್ರ ಸರ್ಕಾರದ ಸತ್ಯಶೋಧನಾ ಘಟಕಕ್ಕೆ ಅವಕಾಶ ನೀಡಿದ್ದ 2023ರ ತಿದ್ದುಪಡಿಯನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿತು.

ಅಮೆರಿಕದೊಂದಿಗೆ ಹೋಲಿಕೆ

ರಾಜಕೀಯ ಸುದ್ದಿಯ ಬಗೆಗಿನ ಬೇಸರ ಕರಾವಳಿಗಷ್ಟೇ ಸೀಮಿತವಾದುದಲ್ಲ. ಗ್ಯಾಲಪ್ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ, ಸಮೂಹ ಮಾಧ್ಯಮಗಳಲ್ಲಿ ಸಾಕಷ್ಟು ನಂಬಿಕೆಯಿರುವ ಅಮೆರಿಕನ್ನರ ಪ್ರಮಾಣವು 1976ರಲ್ಲಿ ಶೇ. 72ರಷ್ಟಿದ್ದು, 2024ರಲ್ಲಿ ಶೇ. 31ಕ್ಕೆ ಇಳಿದಿತ್ತು. ವಿವಾದಾತ್ಮಕ ವಿಷಯಗಳಲ್ಲಿ ಭಿನ್ನ ಅಭಿಪ್ರಾಯಗಳಿಗೂ ಅವಕಾಶ ನೀಡಬೇಕೆಂದು ರೇಡಿಯೊ ಮತ್ತು ದೂರದರ್ಶನ ಕೇಂದ್ರಗಳನ್ನು ಬದ್ಧಗೊಳಿಸಿದ್ದ 1949ರ ನಿಯಮವನ್ನು ಅಲ್ಲಿ 1987ರಲ್ಲಿ ಕೈಬಿಡಲಾಯಿತು. ಅಮೆರಿಕದ ಬಿಕ್ಕಟ್ಟಿನ ಇನ್ನೊಂದು ಮುಖ, ಸ್ಥಳೀಯ ಪತ್ರಿಕೆಗಳು ದೊಡ್ಡ ಸಂಖ್ಯೆಯಲ್ಲಿ ಮುಚ್ಚಿಹೋಗಿ ಅನೇಕ ಊರುಗಳಿಗೆ ತಮ್ಮದೇ ಪತ್ರಿಕೆ ಇಲ್ಲದಂತಾಗಿರುವುದು. ಉಡುಪಿಯ ಸ್ಥಿತಿ ಈ ವಿಷಯದಲ್ಲಿ ಭಿನ್ನವಾಗಿದ್ದು, ಇಲ್ಲಿ ಸ್ಥಳೀಯ ಸುದ್ದಿ ನೀಡುವ ದಿನಪತ್ರಿಕೆಗಳು ಉಳಿದುಕೊಂಡಿವೆ.

ರಾಯಿಟರ್ಸ್ ಸಂಸ್ಥೆಯ 2024ರ ಜಾಗತಿಕ ವರದಿಯಲ್ಲಿ, ಸಮೀಕ್ಷೆಗೆ ಒಳಪಟ್ಟವರ ಪೈಕಿ ಶೇ. 39ರಷ್ಟು ಜನರು ಕೆಲವೊಮ್ಮೆ ಅಥವಾ ಆಗಾಗ ಸುದ್ದಿಯಿಂದ ಉದ್ದೇಶಪೂರ್ವಕವಾಗಿ ದೂರವಿರುವುದಾಗಿ ಹೇಳಿದ್ದರು. ಜನರು ಸುದ್ದಿಯಿಂದ ವಿಮುಖರಾದಾಗ ಯಲ್ಲೂರಿನಂತಹ ಸಮಸ್ಯೆಗಳ ಕುರಿತ ಮಾಹಿತಿಯೂ ಅವರಿಗೆ ತಲುಪುವುದಿಲ್ಲ.

ಮಾಧ್ಯಮ ಶಿಕ್ಷಣ

ಮಣಿಪಾಲದಲ್ಲಿ 1997ರಲ್ಲಿ ಆರಂಭವಾದ ಸಂವಹನ ಸಂಸ್ಥೆಯು ಪತ್ರಿಕೋದ್ಯಮ ಶಿಕ್ಷಣ ನೀಡುತ್ತಿದ್ದು, ಸಮುದಾಯ ಬಾನುಲಿ ಕೇಂದ್ರವನ್ನೂ ನಡೆಸುತ್ತದೆ. ಸುದ್ದಿಯನ್ನು ಓದುವವರಿಗೂ ಪರಿಶೀಲನೆಯ ಕೆಲವು ಕ್ರಮಗಳು ಅಗತ್ಯವಾಗಿವೆ: ವಿಡಿಯೊದ ದಿನಾಂಕ ಮತ್ತು ಸ್ಥಳವನ್ನು ಗಮನಿಸುವುದು, ಆರೋಪವನ್ನೂ ತನಿಖೆಯ ನಿರ್ಣಯವನ್ನೂ ಬೇರೆಬೇರೆಯಾಗಿ ನೋಡುವುದು, ಹೇಳಿಕೆಯ ಬದಲು ನ್ಯಾಯಾಲಯದ ಆದೇಶ ಅಥವಾ ದಾಖಲೆಯನ್ನು ಹುಡುಕುವುದು ಹಾಗೂ ಕೆಲವು ತಿಂಗಳುಗಳ ನಂತರ ಅದೇ ವಿಷಯ ಏನಾಯಿತೆಂದು ಮತ್ತೆ ವಿಚಾರಿಸುವುದು. ಹೊನ್ನಾವರದಿಂದ ಕಾರ್ಕಳದವರೆಗಿನ ಪ್ರಕರಣಗಳಲ್ಲಿ ಮೊದಲ ದಿನದ ಸುದ್ದಿಗೂ ಕೊನೆಯ ವರದಿಗೂ ಇದ್ದ ವ್ಯತ್ಯಾಸವು ಈ ಕೊನೆಯ ಕ್ರಮದ ಮಹತ್ವವನ್ನು ತೋರಿಸುತ್ತದೆ.